ಅಳಿಸಿದ ಕೊಡೆ

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಆಮೇಲೆ ನನ್ನ ಕೈಗೆ ಬಂದ ಪುಸ್ತಕಗಳೆಲ್ಲ ನನ್ನ ಮಕ್ಕಳದ್ದು. ಅವನ್ನು ನಾನು ಓದಲಿಲ್ಲ. ಬೈಂಡ್ ಹಾಕಿದೆ, ಅಳಿಸಿದೆ.

ಅಳಿಸುವುದು ಎಂದರೇನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಕಾರ್ಕಳದ ಹತ್ತಿರದ ನಮ್ಮೂರಲ್ಲಿ ಶಾಲೆ ಶುರುವಾಗುವ ಮೊದಲು, ಮೇಲಿನ ಕ್ಲಾಸಿಗೆ ಹೋದ ಮಕ್ಕಳ ಪುಸ್ತಕಗಳನ್ನು ಅರ್ಧ ಕ್ರಯಕ್ಕೆ ತರುತ್ತಿದ್ದೆವು. ಅದರ ತುಂಬ ಪೆನ್ಸಿಲ್ಲಿನ ಉತ್ತರಗಳು, ಗೆರೆಗಳು, ರಾಜರಾಣಿಯರ ಚಿತ್ರಕ್ಕೆ ಬಿಡಿಸಿದ ಮೀಸೆಗಳು. ಉತ್ತರ ಹಾಗೇ ಬಿಟ್ಟರೆ ನಮ್ಮ ಮಕ್ಕಳು ತಲೆ ಓಡಿಸದೆ ನೋಡಿ ಬರೆಯುತ್ತವೆ. ಅದಕ್ಕೆ ನಾನು ಜಗಲಿಯಲ್ಲಿ ಕೂತು ಒಂದೊಂದೇ ಪುಟ ಅಳಿಸುತ್ತಿದ್ದೆ. ಮೂರು ಮಕ್ಕಳು ಶಾಲೆ ಮುಗಿಸುವವರೆಗೂ ಮಾಡಿದ ಕೆಲಸ. ಹಾಳೆ ಹರಿಯದೆ, ಅಚ್ಚಿನ ಅಕ್ಷರ ಮಾಸದೆ ಅಳಿಸುವುದಕ್ಕೆ ಒಂದು ಕೈ ಬೇಕು. ನನಗೆ ಆ ಕೈ ಇತ್ತು. ಅದೇ ಕೈಯಿಂದ ಈ ವರ್ಷ ಮಸ್ಕತ್ತಿನಲ್ಲಿ ಒಬ್ಬ ಮುದುಕಿಯ ಜೀವಮಾನದ ಕೆಲಸವನ್ನು ಮೂರು ಬೆಳಿಗ್ಗೆಗಳಲ್ಲಿ ಒರೆಸಿ ಹಾಕಿದೆ.

ಅಮ್ಮನಿಗೆ ಗೊತ್ತಿರಲಿಲ್ಲ, ಪಾಪ, ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ಮಗನ ವೀಸಾದಲ್ಲಿ ನಾನು ಇಲ್ಲಿಗೆ ಬಂದು ಆರು ವರ್ಷವಾಯಿತು. ಅಲ್ ಅಜೈಬಾದ ಈ ಬಿಲ್ಡಿಂಗಿನಲ್ಲಿ ನಮ್ಮದು ಎರಡನೇ ಮಾಳಿಗೆ. ಬೆಳಿಗ್ಗೆ ಆರೂವರೆಗೆ ಮೊಮ್ಮಗಳು ಸ್ಕೂಲ್ ಬಸ್ಸಿಗೆ ಇಳಿಯುತ್ತಾಳೆ, ಏಳಕ್ಕೆ ಮಗ, ಏಳೂವರೆಗೆ ಸೊಸೆ. ಆಮೇಲೆ ಎರಡು ಗಂಟೆಯವರೆಗೆ ಏಸಿಯ ಸದ್ದು ಮತ್ತು ನಾನು.

ನೆಲದ ಮಾಳಿಗೆಯಲ್ಲಿ ಅಮೆರಿಕದ ತಾಯಿ ಮಗಳಿದ್ದಾರೆ. ಮಗಳು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಒಮ್ಮೆ ಲಿಫ್ಟಿನ ಹತ್ತಿರ ಅವಳು ನನ್ನ ಸೊಸೆಯನ್ನು ಕೇಳಿದಳು: ನಿಮ್ಮ ಅತ್ತೆ ಬೆಳಿಗ್ಗೆ ಹೊತ್ತು ನನ್ನ ಅಮ್ಮನ ಜೊತೆ ಸ್ವಲ್ಪ ಕೂರಬಹುದೇ, ಅಮ್ಮನಿಗೆ ಮರೆವು ಹೆಚ್ಚುತ್ತಿದೆ, ಸ್ಟವ್ ಹಚ್ಚಿಟ್ಟು ಮರೆಯುತ್ತಾಳೆ.

“ಭಾಷೆ ಬರುವುದಿಲ್ಲ ಮಾರಾಯ್ತಿ, ನಾನು ಹೋಗಿ ಎಂತ ಮಾಡುವುದು?” ಎಂದೆ ಸೊಸೆಗೆ.

“ಮಾತಾಡಲಿಕ್ಕೆ ಅಲ್ಲ ಮಾಮಿ, ನೋಡಿಕೊಳ್ಳಲಿಕ್ಕೆ. ಇಲ್ಲಿ ಕೂತು ಸೀರಿಯಲ್ ನೋಡುವುದನ್ನು ಅಲ್ಲಿ ಕೂತು ಬೀನ್ಸ್ ಕತ್ತರಿಸಿ.”

ಹಾಗೆ ಬೀನ್ಸ್ ಹಿಡಿದುಕೊಂಡು ಹೋದೆ. ಆಕೆ ನನಗಿಂತ ಹದಿನೈದು ವರ್ಷ ದೊಡ್ಡವಳು. ನಮ್ಮಲ್ಲಿ ದೊಡ್ಡವರನ್ನು ಕರೆಯುವ ಹಾಗೆ ‘ಅಕ್ಕ’ ಎಂದೆ. ಅದು ನನ್ನ ಹೆಸರೆಂದು ತಿಳಿದು ಆಕೆಯೂ ನನ್ನನ್ನು ಅಕ್ಕ ಎಂದೇ ಕರೆಯತೊಡಗಿದಳು. ತಿದ್ದುವಷ್ಟು ಇಂಗ್ಲಿಷ್ ನನ್ನಲ್ಲಿ ಇರಲಿಲ್ಲ. ಹಾಗೇ ಉಳಿಯಿತು.

ಅಕ್ಕನ ಮಡಿಲಲ್ಲಿ ಯಾವಾಗಲೂ ಒಂದು ದಪ್ಪ ಪುಸ್ತಕ. ಅಚ್ಚಿನ ಹಾಳೆಗಳನ್ನು ಅವುಗಳಿಗಿಂತ ದೊಡ್ಡ ಬಿಳಿ ಹಾಳೆಗಳ ನಡುವೆ ಅಂಟಿಸಿ ಹೊಲಿದದ್ದು. ಸುತ್ತ ಉಳಿದ ಜಾಗದಲ್ಲೆಲ್ಲ ಪೆನ್ಸಿಲ್ ಬರವಣಿಗೆ, ಬಾಣದ ಗುರುತು, ಸಣ್ಣ ಸಣ್ಣ ಚಿತ್ರ. ಪುಟಗಳು ಬೂದಿ ಹಚ್ಚಿದ ಹಾಗೆ ಕಪ್ಪಾಗಿದ್ದವು. ಏನಿದು ಎಂದು ಸೊಸೆ ಅಕ್ಕನ ಮಗಳ ಹತ್ತಿರ ಕೇಳಿಕೊಂಡು ಬಂದು ಹೇಳಿದಳು.

“ಅವರದ್ದು ನಾಟಕದ ಕಂಪನಿಯಂತೆ ಮಾಮಿ. ನಮ್ಮ ಯಕ್ಷಗಾನದ ಟೆಂಟಿನ ಮೇಳದ ಹಾಗೇ. ಲಾರಿಯಲ್ಲಿ ಡೇರೆ ಹೇರಿಕೊಂಡು ಊರಿಂದ ಊರಿಗೆ. ಒಂದು ಊರಲ್ಲಿ ಒಂದು ವಾರ, ದಿನಕ್ಕೊಂದು ನಾಟಕ.”

“ಈಗಲೂ ಉಂಟಾ?”

“ಎಲ್ಲಿ ಉಂಟು? ಟಿವಿ ಬಂತು, ಖಲಾಸ್. ಆ ಕಂಪನಿಯಲ್ಲಿದ್ದವರಲ್ಲಿ ಈಗ ಬದುಕಿರುವುದು ಇವರೊಬ್ಬರೇ ಅಂತೆ.”

“ಇವಳು ವೇಷ ಹಾಕುತ್ತಿದ್ದಳಾ?”

“ಇಲ್ಲ, ರಂಗದ ಬದಿಯಲ್ಲಿ ಪುಸ್ತಕ ಹಿಡಿದು ಕೂರುವ ಕೆಲಸ. ಮಾತು ಮರೆತವರಿಗೆ ಹೇಳಿಕೊಡುವುದು, ಯಾರು ಎಲ್ಲಿ ನಿಲ್ಲಬೇಕು ಅಂತ ನೋಡುವುದು.”

“ಅಷ್ಟೆಯಾ?” ಎಂದೆ.

ಹಾಗೆಯೇ ಎಂದೆ, ಅಷ್ಟೆಯಾ. ಸಣ್ಣವಳಿರುವಾಗ ನಾನು ನೋಡಿದ ಆಟಗಳಲ್ಲಿ ಯಾರೂ ಪುಸ್ತಕ ಹಿಡಿದು ಕೂತದ್ದಿಲ್ಲ. ಭಾಗವತರು ಪದ ಹೇಳುತ್ತಿದ್ದರು, ವೇಷದವರು ಬಾಯಿಗೆ ಬಂದ ಮಾತು ಆಡುತ್ತಿದ್ದರು. ನಾಟಕ ಎಂದರೆ ಬಾಯಲ್ಲಿ ಇರುವುದು ಎಂದೇ ನನ್ನ ಎಣಿಕೆ. ಪುಸ್ತಕ ಬೇಕಾದದ್ದು ಮಾತು ಬಾರದವರಿಗೆ ಎಂದುಕೊಂಡೆ.

ಆದರೆ ಬೆಳಗಿನ ಹೊತ್ತು ಚೆನ್ನಾಗಿ ಕಳೆಯುತ್ತಿತ್ತು. ಅಕ್ಕನಿಗೆ ಆಗ ತಾನೇ ಚಾ ಕುಡಿದದ್ದು ನೆನಪಿರುವುದಿಲ್ಲ, ಮತ್ತೆ ಕೇಳುತ್ತಾಳೆ. ಪುಸ್ತಕ ಬಿಡಿಸಿದಳೋ, ಬೇರೆಯೇ ಹೆಂಗಸು. ನನ್ನನ್ನು ಬಾಗಿಲು ಮಾಡುತ್ತಿದ್ದಳು. ಫ್ರಿಜ್ಜಿನ ಪಕ್ಕ ಕೈ ಚಾಚಿ ನಿಲ್ಲಬೇಕು, ಆಕೆ ಬಂದಾಗ ಕೈ ತೆಗೆಯಬೇಕು. ಮೂರು ಹೆಜ್ಜೆ ಸೋಫಾದ ಕಡೆಗೆ, ತಿರುಗಿ ಒಂದು ಮಾತು. ಆಮೇಲೆ ಅಂಗೈ ಎತ್ತಿ ಸುಮ್ಮನೆ ನಿಲ್ಲುತ್ತಿದ್ದಳು. ಯಾಕೆಂದು ನನಗೆ ತಿಳಿಯಲು ಒಂದು ವಾರ ಹಿಡಿಯಿತು. ಜನ ನಗುವುದು ಮುಗಿಯಲೆಂದು ಕಾಯುತ್ತಿದ್ದಳು. ಪುಸ್ತಕದ ಬದಿಯಲ್ಲಿ ಅದನ್ನೂ ಬರೆದಿಟ್ಟಿದ್ದಳಂತೆ, ಯಾವ ಊರಲ್ಲಿ ನಕ್ಕರು, ಯಾವ ಊರಲ್ಲಿ ನಗಲಿಲ್ಲ ಎಂದು. ನಗದ ಊರಿನ ಹೆಸರು ಬಂದರೆ ಮೂಗು ಮುರಿಯುತ್ತಿದ್ದಳು.

ಒಂದು ಪುಟದಲ್ಲಿ ಸಣ್ಣ ಕೊಡೆಯ ಚಿತ್ರ ಇತ್ತು. ಆ ಪುಟ ಬಂದಾಗ ಅಕ್ಕ ಉಗುರಿನಿಂದ ಮೇಜಿನ ಮೇಲೆ ಟಪಟಪ ಬಡಿಯುತ್ತಿದ್ದಳು, ಮೇಲೆ ಕೈ ತೋರಿಸುತ್ತಿದ್ದಳು. ಡೇರೆಯ ಮೇಲೆ ಮಳೆ. ಆಮೇಲೆ ಅದೇ ಮಾತನ್ನು ಗಂಟಲು ಹರಿಯುವಷ್ಟು ಜೋರಾಗಿ ಹೇಳುತ್ತಿದ್ದಳು. ಮಳೆ ಬಂದ ದಿನ ಹೀಗೆ ಹೇಳಬೇಕು ಎಂದು. ಒಂದು ದಿನ ಬಿಲ್ಡಿಂಗಿನ ವಾಚ್‌ಮ್ಯಾನ್ ಬಂದು ಬಾಗಿಲು ಬಡಿದ. ಇಬ್ಬರು ಮುದುಕಿಯರು ಜಗಳ ಮಾಡುತ್ತಿದ್ದಾರೆ ಎಂದು ಅವನಿಗೆ ಯಾರೋ ಹೇಳಿದ್ದರು. ನಾವು ನಕ್ಕದ್ದು ನೋಡಿ ಅವನೂ ನಕ್ಕು ಹೋದ.

ಕೊಡೆ ಎಂದರೆ ಏನೆಂದು ನನಗೆ ಗೊತ್ತಿತ್ತು. ಇದನ್ನು ನೆನಪಿಡಬೇಕು.

ಚಳಿಗಾಲ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಅಮೆರಿಕದ ಯಾವುದೋ ಕಾಲೇಜಿನಲ್ಲಿ ಇಂಥ ಡೇರೆ ನಾಟಕಗಳ ನೆನಪುಗಳನ್ನು ಕೂಡಿಸಿ ಇಡುತ್ತಾರಂತೆ. ಅಲ್ಲಿಂದ ಒಬ್ಬ ಹೆಂಗಸು ಬಂದು ಅಕ್ಕನ ಪುಸ್ತಕದ ಪುಟಪುಟದ ಫೋಟೋ ತೆಗೆಯುತ್ತಾಳೆ, ಅಕ್ಕನ ಮಾತನ್ನು ರೆಕಾರ್ಡ್ ಮಾಡುತ್ತಾಳೆ. ಅಕ್ಕ ಅಂದಿನಿಂದ ಲಿಪ್‌ಸ್ಟಿಕ್ ಹಚ್ಚತೊಡಗಿದಳು.

ಆ ಹೆಂಗಸು ಬರಲು ಎರಡು ವಾರ ಇರುವಾಗ ಅಕ್ಕನಿಗೆ ಜ್ವರ ಬಂತು. ಅದೇ ವಾರ ಮಗಳಿಗೆ ನಿಜ್ವಾದಲ್ಲಿ ಪರೀಕ್ಷೆಯ ಡ್ಯೂಟಿ. ಬೆಳಕು ಹರಿಯುವ ಮೊದಲು ಕಾರು ತೆಗೆದರೆ ಬರುವುದು ಸಂಜೆಗೆ. ಅಕ್ಕ ಮಾತ್ರೆ ನುಂಗಿ ಮಲಗಿರುತ್ತಿದ್ದಳು. ನಾನು ಗಂಜಿ ಕಾಯಿಸಿ ಕುಡಿಸಿ, ಆಮೇಲೆ ಮಾಡುವುದಕ್ಕೆ ಏನಿಲ್ಲದೆ ಕೂತಿರುತ್ತಿದ್ದೆ. ಎದುರಿಗೆ ಮೇಜಿನ ಮೇಲೆ ಆ ಪುಸ್ತಕ.

ಅಷ್ಟು ದೂರದಿಂದ ದೊಡ್ಡ ಜನ ಬರುತ್ತಾರೆ, ಇಷ್ಟು ಕೊಳಕು ಪುಸ್ತಕದ ಫೋಟೋ ತೆಗೆಯುತ್ತಾರೆ ಎಂದು ನನಗೆ ಅನಿಸಿತು. ಅದು ಒಂದು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಪುಸ್ತಕದ ಮಾತು ಬಂದರೆ ನನ್ನನ್ನು ಯಾರೂ ಕರೆಯುವುದಿಲ್ಲ. ಮೊಮ್ಮಗಳ ಹೋಮ್‌ವರ್ಕ್ ಮುಟ್ಟಿದರೆ “ಅಜ್ಜಿ, ಯು ಡೋಂಟ್ ನೋ” ಎನ್ನುತ್ತಾಳೆ. ಪುಸ್ತಕದ ಒಂದು ಕೆಲಸ ನನಗೂ ಬರುತ್ತದೆ ಎಂದು ತೋರಿಸುವ ಆಸೆ ಆಯಿತು. ಅಮೆರಿಕದವಳು ಪುಸ್ತಕ ಬಿಡಿಸಿ, ಇಷ್ಟು ನೀಟಾಗಿ ಇಟ್ಟದ್ದು ಯಾರು ಎಂದು ಕೇಳಬೇಕು, ಅಕ್ಕ ನನ್ನ ಕಡೆ ಕೈ ತೋರಿಸಬೇಕು. ಕೂತಲ್ಲೇ ಅದನ್ನೆಲ್ಲ ಕಂಡೆ.

ಮೊಮ್ಮಗಳ ಪೆನ್ಸಿಲ್ ಬಾಕ್ಸಿನಿಂದ ಎರಡು ರಬ್ಬರ್ ತಂದೆ. ಮೊದಲು ಒಂದು ಮೂಲೆ, ಆಮೇಲೆ ಒಂದು ಪುಟ. ಕೈಗೆ ಹಳೆಯ ಕೆಲಸ ಸಿಕ್ಕಿದ ಖುಷಿ. ಎಡಗೈಯಿಂದ ಹಾಳೆ ಒತ್ತಿಹಿಡಿದು ಒಂದೇ ದಿಕ್ಕಿಗೆ ತಿಕ್ಕುವುದು, ಬಂದ ಕಸವನ್ನು ಊದುವುದು, ಬಟ್ಟೆಯಿಂದ ಒರೆಸುವುದು. ಅಚ್ಚಿನ ಒಂದು ಅಕ್ಷರಕ್ಕೂ ಪೆಟ್ಟು ಬೀಳಲಿಲ್ಲ. ಮೂರು ಬೆಳಿಗ್ಗೆ ಕೂತು ಮುಗಿಸಿದೆ.

ಎರಡನೇ ದಿನ ಕೊಡೆ ಬಂತು. ನನ್ನ ಕೈ ನಿಂತಿತು. ಇದು ಮಳೆಯದ್ದಲ್ಲವಾ ಎಂದುಕೊಂಡೆ. ಇದನ್ನು ಅಳಿಸಿದರೆ ಆಕೆ ಎಲ್ಲಿ ಉಗುರು ಬಡಿಯುವುದು ಎಂದೂ ಅನಿಸಿತು. ಆದರೆ ಅಕ್ಕಪಕ್ಕದ ಪುಟಗಳೆಲ್ಲ ಬೆಳ್ಳಗಾಗಿದ್ದವು, ಅದೊಂದು ಮಾತ್ರ ಕಲೆಯ ಹಾಗೆ ಕಾಣುತ್ತಿತ್ತು. ಅಳಿಸಿದೆ. ಮಲಗುವ ಕೋಣೆಯಲ್ಲಿ ಅಕ್ಕ ಕೆಮ್ಮಿದಳು. ನಾನು ಪುಸ್ತಕವನ್ನು ಸೆರಗಿನಿಂದ ಮುಚ್ಚಿದೆ. ಒಳ್ಳೆಯ ಕೆಲಸ ಮಾಡುವವಳು ಯಾಕೆ ಮುಚ್ಚುತ್ತಾಳೆ?

ನಾಲ್ಕನೇ ದಿನ ಅಕ್ಕ ಎದ್ದು ಕೂತಳು. ಚಾ ಕುಡಿದಳು, ಪುಸ್ತಕಕ್ಕೆ ಕೈ ಚಾಚಿದಳು. ನಾನು ಹೊಗಳಿಕೆಗೆ ತಯಾರಾಗಿ ಎದುರಿಗೇ ಕೂತೆ.

ಒಂದು ಪುಟ ತಿರುಗಿಸಿದಳು, ಇನ್ನೊಂದು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಿಳಿ ಜಾಗದ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಗಾಳಿಯಲ್ಲಿ ಬರೆಯುವ ಹಾಗೆ ಕೈ ಮಾಡಿ, ಹಾಳೆಯನ್ನು ತೋರಿಸಿ ಏನೋ ಕೇಳಿದಳು. ಇಲ್ಲಿ ಬರೆದದ್ದು ಇತ್ತಲ್ಲ, ಅಲ್ಲವಾ? ಅಷ್ಟು ತಿಳಿಯಲು ಇಂಗ್ಲಿಷ್ ಬೇಡ. ಆಕೆಯ ಮುಖ ನೋಡಿದ ಕೂಡಲೇ ನಾನು ಮಾಡಿದ್ದು ಏನೆಂದು ನನಗೆ ಗೊತ್ತಾಯಿತು.

“ನೋ” ಎಂದೆ.

ಅಕ್ಕ ನನ್ನನ್ನು ನಂಬಿದಳು. ತಪ್ಪನ್ನು ತನ್ನ ತಲೆಯಲ್ಲೇ ಹುಡುಕಿದಳು. ಎರಡು ಬೆರಳನ್ನು ಕಿವಿಯ ಮೇಲೆ ಇಟ್ಟು ಮೆಲ್ಲಗೆ ಬಡಿದುಕೊಂಡಳು. “ಗಾನ್” ಎಂದಳು, ತಲೆ ಹೋಯಿತು ಎನ್ನುವ ಹಾಗೆ. ಎದ್ದು ಪುಸ್ತಕವನ್ನು ಕಪಾಟಿನಲ್ಲಿ ಬಟ್ಟೆಗಳ ಅಡಿಗೆ ಇಟ್ಟಳು. ಮಗಳಿಗೆ ಕಾಣಬಾರದೆಂದು. ತಾನು ಬರೆದೇ ಇಲ್ಲದ್ದನ್ನು ಬರೆದಿದ್ದೇನೆ ಎಂದು ಇಷ್ಟು ದಿನ ಹೇಳುತ್ತಿದ್ದೆನೋ ಏನೋ ಎಂಬ ಭಯ ಅದು. ಆಗ ಬಾಯಿ ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಬೀನ್ಸ್ ಕತ್ತರಿಸಿದೆ.

ಆಮೇಲೆ ನಾಲ್ಕು ದಿನ ಅಕ್ಕ ನನ್ನನ್ನು ಬಾಗಿಲು ಮಾಡಲಿಲ್ಲ. ಲಿಪ್‌ಸ್ಟಿಕ್ ಹಚ್ಚಲಿಲ್ಲ. ಗಂಜಿ ಮುಟ್ಟಲಿಲ್ಲ. ನಡುನಡುವೆ ತಲೆ ಬಡಿದುಕೊಂಡು “ಗಾನ್, ಅಕ್ಕ, ಗಾನ್” ಎನ್ನುತ್ತಿದ್ದಳು. ನಾನು ಮೇಲೆ ಹೋಗಿ ಅನ್ನ ಬಡಿಸಿ, ಎಲ್ಲರ ಜೊತೆ ಉಂಡು, ಪಾತ್ರೆ ತೊಳೆಯುತ್ತಿದ್ದೆ.

ಐದನೇ ದಿನ ಸಂಜೆ ಸೊಸೆ ಬಂದು ಹೇಳಿದಳು. “ಮಾಮಿ, ಕೆಳಗಿನವರಿಗೆ ಮರೆವು ತುಂಬ ಜೋರಾಗಿದೆಯಂತೆ. ನಾಳೆ ದೊಡ್ಡ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗ್ತಾರಂತೆ, ತಲೆಯ ಸ್ಕ್ಯಾನ್ ಮಾಡ್ಲಿಕ್ಕೆ. ಅಮೆರಿಕದ ಕಾಲೇಜಿನವರಿಗೆ ಬರುವುದು ಬೇಡ ಅಂತ ಹೇಳಿಬಿಡ್ತಾರಂತೆ.”

“ಅವಳ ತಲೆ ಸರಿ ಉಂಟು” ಎಂದೆ.

“ನಿಮಗೆ ಹೇಗೆ ಗೊತ್ತು?”

ಹೇಳಿದೆ. ನಿಂತುಕೊಂಡೇ, ಪಾತ್ರೆ ತಿಕ್ಕುವ ಕೈಯಲ್ಲೇ ಹೇಳಿದೆ. ಸೊಸೆ ಕುರ್ಚಿಯಲ್ಲಿ ಕೂತಳು.

“ಎಂತ ಮಾಡಿಬಿಟ್ಟಿರಿ ಮಾಮಿ! ಇಡೀ ಪುಸ್ತಕವಾ?”

“ಇಡೀ.”

“ಒಂದು ಮಾತು ನನ್ನತ್ರ ಕೇಳ್ಬಾರ್ದಿತ್ತಾ?”

“ಕೇಳಿದ್ದರೆ ಬೇಡ ಎನ್ನುತ್ತಿದ್ದಿ.”

ನನಗೂ ಆಗಲೇ ಗೊತ್ತಾದದ್ದು, ಕೇಳದೆ ಇದ್ದದ್ದು ಅದಕ್ಕೇ ಎಂದು.

ಇಬ್ಬರೂ ಕೆಳಗೆ ಹೋದೆವು. ತಾಯಿ ಮಗಳು ಸೋಫಾದಲ್ಲಿ ಕೂತಿದ್ದರು. ಸೊಸೆ ಆಫೀಸಿನ ಇಂಗ್ಲಿಷಿನಲ್ಲಿ ಮೆತ್ತಗೆ ಹೇಳತೊಡಗಿದಳು. ನನಗೆ ಒಂದೆರಡು ಮಾತು ತಿಳಿಯುತ್ತದೆ. ‘ಡಿಡ್ ನಾಟ್ ನೋ’ ಎಂದದ್ದು ತಿಳಿಯಿತು.

“ಎಂತ ಹೇಳಿದೆ ನೀನು?”

“ನಿಮಗೆ ಗೊತ್ತಿರಲಿಲ್ಲ, ಒಳ್ಳೇ ಮನಸ್ಸಿನಿಂದ ಮಾಡಿದ್ದು ಅಂತ ಹೇಳಿದೆ.”

“ಕೊಡೆಯ ವಿಷಯ ಹೇಳು. ‘ನೋ’ ಎಂದದ್ದೂ ಹೇಳು.”

“ಅದೆಲ್ಲ ಯಾಕೆ ಮಾಮಿ? ನಾಳೆಯೂ ನಾವು ಇವರ ಮುಖ ನೋಡಬೇಕಲ್ವಾ?”

“ಅದಕ್ಕೇ ಹೇಳು ಎನ್ನುವುದು.”

ಅವಳು ಹೇಳಲಿಲ್ಲ. ಮನೆಯ ಮಾನ ಅವಳಿಗೆ. ಕಡೆಗೆ ನಾನೇ ಕಪಾಟಿನಿಂದ ಪುಸ್ತಕ ತೆಗೆದೆ. ಅಕ್ಕನ ಎದುರು ನೆಲದ ಮೇಲೆ ಕೂತೆ. ಬಿಳಿ ಜಾಗದ ಮೇಲೆ ಬೆರಳಿನಿಂದ ಕೊಡೆ ಬಿಡಿಸಿದೆ. ಮೇಜಿನ ಮೇಲೆ ಉಗುರಿನಿಂದ ಟಪಟಪ ಬಡಿದೆ. ಎದೆ ಮುಟ್ಟಿಕೊಂಡೆ, ನನಗೆ ಗೊತ್ತಿತ್ತು ಎಂದು. ಆಮೇಲೆ ರಬ್ಬರ್ ಹಿಡಿದ ಹಾಗೆ ಕೈ ಮಾಡಿ ತಿಕ್ಕಿ ತೋರಿಸಿದೆ. ಗಾಳಿಯಲ್ಲಿ ಬರೆದು, “ನೋ ಅಲ್ಲ, ಯೆಸ್” ಎಂದೆ. ಆಕೆಯ ತಲೆ ಮುಟ್ಟಿ, “ಗುಡ್, ಗುಡ್” ಎಂದೆ.

ಅಕ್ಕ ನಕ್ಕಳು. ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಗಳ ಕೈ ಹಿಡಿದು ಏನೋ ಹೇಳಿದಳು. ನನಗೆ ಹುಚ್ಚು ಹಿಡಿದಿಲ್ಲ, ನಾನು ಬರೆದಿದ್ದೆ, ನಿಜವಾಗಿ ಬರೆದಿದ್ದೆ, ಎಂದಳಂತೆ. ಮಗಳು ಅಳತೊಡಗಿದಳು. ಎಲ್ಲ ಸರಿಯಾಯಿತೇನೋ ಎಂದು ನನಗೂ ಒಂದು ಗಳಿಗೆ ಅನಿಸಿತು. ಆಗ ಅಕ್ಕ ಮತ್ತೆ ಪುಸ್ತಕ ಬಿಡಿಸಿದಳು. ಪುಟ ತಿರುಗಿಸುತ್ತಾ ಹೋದ ಹಾಗೆ ನಗು ಇಳಿಯಿತು. ಇಡೀ ಪುಸ್ತಕ ಬೆಳ್ಳಗೆ ಹಾಗೇ ಇತ್ತು. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಏನಾದರೂ ಹೇಳಬಹುದಿತ್ತು, ಜಗಳವಾದರೂ ಆಗುತ್ತಿತ್ತು.

ಡಾಕ್ಟರ ಹತ್ತಿರ ಹೋಗುವುದು ನಿಂತಿತು. ಅಮೆರಿಕದವಳು ಹೇಳಿದ ದಿನವೇ ಬಂದಳು. ಎತ್ತರದ ಹೆಂಗಸು, ಕೈಯಲ್ಲಿ ಕ್ಯಾಮೆರಾ, ಸಣ್ಣ ದೀಪ. ವಿಷಯ ಕೇಳಿದಳು. ಪರದೆ ಎಳೆದು ಕತ್ತಲೆ ಮಾಡಿ, ದೀಪವನ್ನು ಹಾಳೆಯ ಅಂಚಿನಿಂದ ಓರೆಯಾಗಿ ಹಿಡಿದಳು. ಪೆನ್ಸಿಲ್ ಒತ್ತಿ ಬರೆದಲ್ಲಿ ಹಾಳೆ ತಗ್ಗಾಗಿತ್ತು. ಅಲ್ಲಲ್ಲಿ ಒಂದು ಬಾಣ, ಅರ್ಧ ಊರಿನ ಹೆಸರು ಕಂಡಿತು. ಹೆಚ್ಚಿನ ಕಡೆ ಏನೂ ಕಾಣಲಿಲ್ಲ.

“ಎಂತ ಹೇಳ್ತಾಳೆ?” ಎಂದು ಸೊಸೆಯನ್ನು ಕೇಳಿದೆ.

“ತುಂಬಾ ಚೆನ್ನಾಗಿ ಅಳಿಸಿದ್ದೀರಿ ಅಂತೆ.”

ಆ ಹೆಂಗಸು ಕುಹಕದಿಂದ ಹೇಳಿದ್ದಲ್ಲ. ನಾನು ಬಯಸಿದ ಹೊಗಳಿಕೆ ಸಿಕ್ಕಿತು.

ಅಳಿಸಿಹೋದದ್ದನ್ನು ಎರಡು ದಿನ ಅಕ್ಕನ ನೆನಪಿನಿಂದಲೇ ಎತ್ತಿಕೊಳ್ಳಲು ನೋಡಿದರು. ನಾನು ಫ್ರಿಜ್ಜಿನ ಪಕ್ಕ ಕೈ ಚಾಚಿ ನಿಂತೆ. ಆದರೆ ಬದಿಯ ಬರಹ ಇಲ್ಲದೆ ಆಕೆಗೆ ಹೆಜ್ಜೆ ಬರಲಿಲ್ಲ. ಕೆಲವು ಕಡೆ ನಾನು ಕಂಡದ್ದನ್ನು ನೆನಪಿನಿಂದ ನಡೆದು ತೋರಿಸಿದೆ. ಮೂರು ಹೆಜ್ಜೆ, ತಿರುಗಿ, ಅಂಗೈ. ಅಕ್ಕ “ಯೆಸ್, ಯೆಸ್” ಎಂದಳು. ಇನ್ನೂರು ಪುಟದಲ್ಲಿ ನನಗೆ ಬಂದದ್ದು ಏಳೋ ಎಂಟೋ.

ಕೊಡೆ ಯಾವ ಪುಟದಲ್ಲಿತ್ತು ಎಂದು ಆ ಹೆಂಗಸು ಕೇಳಿದಳು. ನನ್ನ ಕೈಗೆ ಪೆನ್ಸಿಲ್ ಕೊಟ್ಟರು, ಇದ್ದಲ್ಲಿ ಗುರುತು ಹಾಕಲಿ ಎಂದು. ನಾನು ಪುಟ ತಿರುಗಿಸಿದೆ. ಕೊಡೆಯ ಆಕಾರ ನೆನಪಿತ್ತು, ಹಿಡಿ ಎಡಕ್ಕೆ ಬಾಗಿದ್ದು ನೆನಪಿತ್ತು, ರಬ್ಬರ್ ಅದರ ಮೇಲೆ ಹೋದದ್ದು ನೆನಪಿತ್ತು. ಪುಟ ಯಾವುದೆಂದು ನೆನಪಾಗಲಿಲ್ಲ. ಇಂಗ್ಲಿಷ್ ಓದಲು ಬಾರದವಳಿಗೆ ಎಲ್ಲ ಪುಟವೂ ಒಂದೇ.

“ಯಾವುದಾದರೂ ಒಂದು ತೋರಿಸಿ ಮಾಮಿ, ಪಾಪ ಕಾಯ್ತಾ ಇದ್ದಾರೆ” ಎಂದು ಸೊಸೆ ಪಿಸುಗುಟ್ಟಿದಳು.

“ಇಲ್ಲ” ಎಂದೆ. ಪೆನ್ಸಿಲ್ ಮೇಜಿನ ಮೇಲೆ ಇಟ್ಟೆ.

ಆಮೇಲೆ ಆ ಹೆಂಗಸು ನನ್ನ ಎದುರಿಗೂ ಮೈಕ್ ಇಟ್ಟಳು. ನಿಮ್ಮ ಭಾಷೆಯಲ್ಲೇ ಹೇಳಿ, ಏನಿತ್ತು, ಏನು ಅಳಿಸಿದಿರಿ, ಎಂದಳು. ಹೇಳಿದೆ. ಈಗ ಅಮೆರಿಕದ ಒಂದು ಕಾಲೇಜಿನಲ್ಲಿ ಆ ಡೇರೆ ನಾಟಕದ ನೆನಪುಗಳ ಜೊತೆ, ಅದನ್ನು ಅಳಿಸಿದವಳ ಸ್ವರವೂ ಇದೆ. ಅವರ ನಾಟಕಕ್ಕೆ ನಾನು ಉಳಿಸಿಕೊಟ್ಟದ್ದು ಅದು.

ಪುಸ್ತಕ ಅಕ್ಕನ ಹತ್ತಿರವೇ ಉಳಿದಿದೆ. ನಾನು ಈಗಲೂ ಬೆಳಿಗ್ಗೆ ಹೋಗುತ್ತೇನೆ. ಹೋಗಬೇಡಿ ಎಂದು ಸೊಸೆ ಹೇಳಿ ನೋಡಿದಳು. ಅಕ್ಕನ ಮಗಳು ಬನ್ನಿ ಎಂದಳು. ನಡೆದದ್ದು ಯಾವುದೂ ಅಮ್ಮನಿಗೆ ಈಗ ನೆನಪಿಲ್ಲ, ನೀವು ಬೇಸರ ಮಾಡಿಕೊಳ್ಳಬೇಡಿ ಎಂದಳು. ನೆನಪಿಲ್ಲದಿರುವುದು ಸತ್ಯವೇ ಇರಬೇಕು. ಬಾಗಿಲು ತೆಗೆದ ಕೂಡಲೇ ಮುಖ ಅರಳಿಸಿ “ಅಕ್ಕ!” ಎನ್ನುತ್ತಾಳೆ, ಚಾ ಕೇಳುತ್ತಾಳೆ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ.

ಆದರೆ ನಾನು ಕೂರುವ ಮೊದಲು ಆಕೆಯ ಕೈ ಮಡಿಲಿನ ಪುಸ್ತಕವನ್ನು ಎತ್ತಿ ದಿಂಬಿನ ಅಡಿಗೆ ತಳ್ಳುತ್ತದೆ. ಯಾಕೆಂದು ಆಕೆಗೂ ಗೊತ್ತಿಲ್ಲ. ನಾನು ನೋಡದವಳ ಹಾಗೆ ಚಾ ಇಡಲು ಏಳುತ್ತೇನೆ.